ಒಂದೇ ಮನೆಯಲ್ಲಿ ಮೂರು ಸೂರ್ಯ

ಕಳೆದ ವಾರ ನನ್ನ ಅಕ್ಕನಿಗೆ ಸೂರ್ಯ ಬಂದ. ಆಕಾಶದಲ್ಲಲ್ಲ. ಕೊಲ್ಹಾಪುರದಲ್ಲಿ, ಮಿಸಳ್ ಅಂಗಡಿಯೊಂದರ ಮೇಲಿನ ಎ.ಸಿ. ರೂಮಿನಲ್ಲಿ, ಟ್ಯಾರೋ ಕಾರ್ಡಿನ ಮೇಲೆ.

ಟ್ಯಾರೋ ಗೊತ್ತಲ್ಲ? ಚಿತ್ರದ ಎಲೆಗಳು (ಇಸ್ಪೀಟಿನಂತೆಯೇ, ಆದರೆ ಇಲ್ಲಿ ಪೊಲೀಸರು ಹಿಡಿಯುವುದಿಲ್ಲ). ನೀವು ಒಂದು ಎಲೆ ಎತ್ತುತ್ತೀರಿ, ಎದುರಿಗೆ ಕುಳಿತವರು ನಿಮ್ಮ ಭವಿಷ್ಯ ಹೇಳುತ್ತಾರೆ. ನಾವು ಕಂಡ ಮೇಡಂ ಅಷ್ಟಕ್ಕೇ ಬಿಡುವವರಲ್ಲ. ಕಾರ್ಡಿನ ನಂಬರನ್ನು ಕೂಡಿಸಿ, ಬಂದ ಅಂಕಿಗೆ ಒಂದು ಗ್ರಹ ಹಚ್ಚಿ, ಆ ಗ್ರಹವನ್ನು ನಿಮ್ಮ ಜನ್ಮ ತಾರೀಖಿನ ಗ್ರಹದ ಜೊತೆ ಜಗಳಕ್ಕೆ ಬಿಡುತ್ತಾರೆ. ಒಂದೇ ಫೀಗೆ ಮೂರು ಶಾಸ್ತ್ರ.

ಇಷ್ಟಕ್ಕೂ ಪ್ರಶ್ನೆ ಏನು? ಅಕ್ಕನ ಮದುವೆ.

ಹೌದು, ನನಗಿಂತ ದೊಡ್ಡವಳು. ಐವತ್ತು ದಾಟಿದೆ. ಇಚಲಕರಂಜಿಯಲ್ಲಿ ಮಗ್ಗದ ಕೆಲಸದವರಿಗಾಗಿ ಖಾನಾವಳಿ ನಡೆಸುತ್ತಾಳೆ. ಭಾವ ತೀರಿಕೊಂಡು ಬಹಳ ವರ್ಷವಾಯಿತು. ಅಲ್ಲಿಗೆ ಊಟಕ್ಕೆ ಬರುವವರಲ್ಲಿ ಬಸಪ್ಪ ಎಂಬ ಜಾಬರ್ ಒಬ್ಬರು, ಅಂದರೆ ಕೆಟ್ಟ ಪವರ್‌ಲೂಮು ರಿಪೇರಿ ಮಾಡುವವರು. ಅವರೂ ಹೆಂಡತಿಯನ್ನು ಕಳೆದುಕೊಂಡವರು. ಎಲ್ಲರೂ ಉಂಡು ಎದ್ದು ಹೋದರೂ ಬಸಪ್ಪ ಕೂತೇ ಇರುತ್ತಿದ್ದರು. ಯಾಕೆಂದು ಅಕ್ಕ ಕೇಳಿದಳು.

"ನಿಮ್ಮ ಊಟ ಆಗೂತನ ಕುಂದರತೇನ್ರಿ. ಒಬ್ಬರ ಕುಂತು ಉಣಬಾರದು" ಅಂದರಂತೆ.

ಊರಿಗೆಲ್ಲ ಬಡಿಸಿದವಳಿಗೆ ಈ ಮಾತು ಯಾರೂ ಹೇಳಿರಲಿಲ್ಲ. ಇದನ್ನು ನನಗೆ ಹೇಳುವಾಗ ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಅಡ್ಡಿ ಅವಳ ಮಗ ಮಹೇಶನದು. ನೇರವಾಗಿ ಒಲ್ಲೆ ಅನ್ನಲಿಲ್ಲ, ಕಲಿತವನು ನೋಡಿ. "ಟ್ಯಾರೋ ಮೇಡಂ ಹೂಂ ಅಂದ್ರ ನಂದೇನೂ ಇಲ್ಲಬೇ ಅವ್ವಾ" ಅಂದ. ಮಗನ ಒಪ್ಪಿಗೆ ಇಲ್ಲದೆ ತಾಳಿ ಕಟ್ಟಿಸಿಕೊಳ್ಳುವುದಿಲ್ಲ ಎಂದು ಅಕ್ಕ ಹಟ ಹಿಡಿದಳು. ಹೀಗೆ ಒಂದು ಸಂಸಾರ ಕಾರ್ಡಿನ ಕೈಗೆ ಹೋಯಿತು. ಸೋದರಮಾವ ಇಲ್ಲದಿದ್ದರೆ ಹೇಗೆ ಎಂದು ನಾನೂ ಗಡಹಿಂಗ್ಲಜದಿಂದ ಎಸ್.ಟಿ. ಬಸ್ಸು ಹತ್ತಿದೆ.

ಅಕ್ಕ ಕಣ್ಣು ಮುಚ್ಚಿ ಎಲೆ ಎತ್ತಿದಳು. ಸೂರ್ಯ. ಕೆಳಗೆ ಕುದುರೆಯ ಮೇಲೆ ಒಂದು ಮಗು, ಹಿಂದೆ ಸೂರ್ಯಕಾಂತಿ. ಅಂಗನವಾಡಿಯ ಗೋಡೆಗೆ ಬರೆಯಬಹುದಾದ ಚಿತ್ರ. ಇಡೀ ಕಟ್ಟಿನಲ್ಲೇ ಇಷ್ಟು ಶುಭದ ಕಾರ್ಡು ಇನ್ನೊಂದಿಲ್ಲ ಎಂದು ಮೇಡಂ ಮರಾಠಿಯಲ್ಲಿ ಹೇಳಿದರು. ಅಕ್ಕನ ಮುಖ ಅರಳಿತು. ಮಹೇಶನದು ಬಾಡಿತು.

ಇಲ್ಲಿಗೇ ಮುಗಿಸಬಹುದಿತ್ತಲ್ಲ? ಆದರೆ ಇನ್ನೂ ಎರಡು ಶಾಸ್ತ್ರ ಬಾಕಿ ಇದ್ದವು.

ಕಾರ್ಡಿನ ನಂಬರ್ ಹತ್ತೊಂಬತ್ತು. ಒಂದಕ್ಕೆ ಒಂಬತ್ತು ಕೂಡಿಸಿದರೆ ಹತ್ತು, ಮತ್ತೆ ಕೂಡಿಸಿದರೆ ಒಂದು. ಒಂದು ಅಂದರೆ ಸೂರ್ಯ. ಇನ್ನು ಅಕ್ಕನ ಜನ್ಮ ತಾರೀಖು? ಮಹೇಶ ಮೊಬೈಲಿನಲ್ಲಿ ಆಧಾರ್ ನೋಡಿ ಹೇಳಿದ, ಜೂನ್ ಒಂದು. ಮತ್ತೆ ಸೂರ್ಯ. ವರನದು? ಜೂನ್ ಒಂದು. ಮತ್ತೂ ಸೂರ್ಯ.

ಮೇಡಂ ಪೆನ್ನು ಕೆಳಗಿಟ್ಟರು. ಒಂದೇ ಮನೆಯಲ್ಲಿ ಮೂರು ಸೂರ್ಯ ಅಂದರೆ ಮನೆ ಸುಟ್ಟು ಬೂದಿ. ಮೇಲಾಗಿ ಮಹೇಶ ಹುಟ್ಟಿದ್ದು ಹದಿನೇಳಕ್ಕೆ. ಒಂದು, ಏಳು, ಎಂಟು. ಎಂಟು ಅಂದರೆ ಶನಿ. ಶನಿ ಸೂರ್ಯನ ಮಗನೇ, ಆದರೆ ಅಪ್ಪನನ್ನು ಕಂಡರೆ ಆಗದು. "ಹೇ ಲಗ್ನ ನಕೋ", ಈ ಮದುವೆ ಬೇಡ ಎಂದು ತೀರ್ಪು ಬಂತು. ತನ್ನನ್ನು ಶನಿ ಅಂದದ್ದಕ್ಕೆ ಇಷ್ಟು ಸಂತೋಷಪಟ್ಟವನನ್ನು ನಾನು ಈವರೆಗೆ ಕಂಡಿಲ್ಲ.

ಅಕ್ಕ ಎದ್ದು ಚೀಲ ತೆಗೆದುಕೊಂಡಳು. ನನಗೆ ಸಿಟ್ಟು ಬಂತು. ಸಿಟ್ಟು ಬಂದಾಗಲೇ ಬುದ್ಧಿಯೂ ಬರುವುದು (ನನಗೊಬ್ಬನಿಗೇ ಹೀಗೇನೋ).

ನಂದೂ ಜೂನ್ ಒಂದೇ ಮೇಡಂ, ಅಂದೆ. ನನ್ನ ತಮ್ಮನದೂ ಅದೇ, ನಮ್ಮ ಬೀಗರದೂ ಅದೇ. ನಮ್ಮ ವಯಸ್ಸಿನವರಲ್ಲಿ ಓಣಿಗೆ ಓಣಿಯೇ ಜೂನ್ ಒಂದಕ್ಕೆ ಹುಟ್ಟಿದೆ. ಓದುಗರೇ, ನಿಮ್ಮದೂ ಅದೇ ಇದ್ದೀತು. ಆಗೆಲ್ಲ ಕೂಸಿನ ಬಲಗೈ ತಲೆಯ ಮೇಲಿಂದ ಬಂದು ಎಡಗಿವಿಗೆ ಮುಟ್ಟಿದರೆ ಸಾಕು, ಶಾಲೆಗೆ ಹೆಸರು ಹಚ್ಚುತ್ತಿದ್ದರು. ತಾರೀಖು ಗೊತ್ತಿಲ್ಲ ಅಂದರೆ ಹೆಡ್‌ಮಾಸ್ತರರು ಜೂನ್ ಒಂದು ಅಂತ ಬರೆದು ಮುಂದಿನ ಕೂಸನ್ನು ಕರೆಯುತ್ತಿದ್ದರು. ಆ ಇಬ್ಬರು ಸೂರ್ಯರನ್ನು ಹುಟ್ಟಿಸಿದ್ದು ಹೆಡ್‌ಮಾಸ್ತರರು.

ಮೇಡಂ ಸೋಲುವವರಲ್ಲ. ಹಾಗಾದರೆ ಖರೇ ತಾರೀಖು ಹೇಳಿ ಅಂದರು.

"ಶೀಗಿ ಹುಣ್ಣಿವಿ ಮುಂದ ಹುಟ್ಟೀದಿ ಅಂತಿದ್ಲು ನಮ್ಮವ್ವ" ಎಂದು ಅಕ್ಕ ಕನ್ನಡದಲ್ಲೇ ಶುರು ಮಾಡಿದಳು. "ಜಾಬರ್ರು ಅವರ ಮನ್ಯಾಗಿನ ಎಮ್ಮಿ ಈದ ದಿವಸ ಹುಟ್ಟ್ಯಾರಂತ. ಬೇಕಾದ್ರ ಎಮ್ಮಿದೂ ಲೆಕ್ಕಾ ಹಾಕ್ರಿ."

ಮೇಡಂಗೆ ಕನ್ನಡ ಬರದು. ಎಮ್ಮೆಯನ್ನೂ ಬಿಡದೆ ನಾನೇ ಮರಾಠಿಯಲ್ಲಿ ಹೇಳಿದೆ.

"ಹಂಗಾರ ಇನ್ನೊಂದು ಕಾರ್ಡ್ ತಗಿ ಅವ್ವಾ" ಅಂದ ಮಹೇಶ. ಅಕ್ಕ ಅವನ ಕಡೆ ತಿರುಗಿದಳು.

"ನಿನಗ ಬ್ಯಾಡಂದ್ರ ಬ್ಯಾಡ ಅನ್ನು, ನಾ ಕೇಳತೇನಿ. ಆ ಸೂರ್ಯಾನ ಹೆಸರ ಯಾಕ ಹೇಳ್ತಿ?"

ಅವನು ತಲೆ ತಗ್ಗಿಸಿದ. ನಾವೆಲ್ಲ ಮಾಡುವುದೂ ಇದನ್ನೇ ಅಲ್ಲವೇ? 'ಜಾತಕ ಕೂಡಲಿಲ್ಲ' ಎಂದು ಹೆಣ್ಣಿನವರಿಗೆ ಹೇಳಿ ಕಳಿಸುತ್ತೇವಲ್ಲ, ಅದರಲ್ಲಿ ಜಾತಕದ ಪಾಲೆಷ್ಟು? ಒಲ್ಲೆ ಅನ್ನಲು ಧೈರ್ಯ ಇಲ್ಲದಾಗೆಲ್ಲ ಗ್ರಹಗಳನ್ನು ಮುಂದೆ ತಳ್ಳಿ ನಾವು ಹಿಂದೆ ನಿಲ್ಲುತ್ತೇವೆ. ಪಾಪ, ಶನಿಗೆ ತನ್ನ ಕೆಲಸ ಇಲ್ಲವೇ?

ಮೆಟ್ಟಿಲಿಳಿಯುವಾಗ ಮಹೇಶ ನನ್ನ ಪಕ್ಕಕ್ಕೆ ಬಂದ. "ಮಂದಿ ಏನಂದಾರು ಮಾಮಾ?"

"ಮಂದಿ ದಿನಾ ನಿಮ್ಮವ್ವನ ಕಡೆ ಉಂಡು ಹೋಗತಾರ. ನೀ ಉಂಡೇನು ಅಂತ ಆಕಿನ್ನ ಒಬ್ಬರರೆ ಕೇಳ್ಯಾರೇನು?"

ಕೇಳಿದವರು ಯಾರೆಂದು ಅವನಿಗೆ ಗೊತ್ತಿತ್ತು.

ಕೆಳಗಿನ ಅಂಗಡಿಯಲ್ಲಿ ಮಿಸಳ್ ಬಂತು, ಮೊಳಕೆಕಾಳಿನ ಸಾರು, ಜೊತೆಗೆ ಪಾವು ಅನ್ನುವ ಬ್ರೆಡ್ಡು. ಅಕ್ಕ ಅಭ್ಯಾಸದಂತೆ ತಟ್ಟೆಗಳನ್ನು ನಮ್ಮಿಬ್ಬರ ಮುಂದೆ ಸರಿಸಿದಳು. ಮಹೇಶ ತನ್ನ ತಟ್ಟೆಯನ್ನು ಅವಳ ಮುಂದಿಟ್ಟ. "ನೀ ಮೊದಲ ತಿನ್ನಬೇ" ಅಂದ. ಆಮೇಲೆ ಪಾವು ಮುರಿಯುತ್ತ, ಯಾರ ಮುಖವನ್ನೂ ನೋಡದೆ ಕೇಳಿದ, "ಲಗ್ನಕ್ಕ ತಾರೀಖು ಯಾವುದು ಹಿಡಿಯೂಣು?"

ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು (ಮಿಸಳ್ ಖಾರ ಇತ್ತು ಅನ್ನುತ್ತಾಳೆ).

"ಜೂನ್ ಒಂದ ಹಿಡೀರಿ. ಅವತ್ತ ಒಂದು ಸಂಸಾರನಾರ ಖರೇನ ಹುಟ್ಟಲಿ."