ಬೀಗ ಹಾಕಿದವಳೇ ಹೊರಗೆ

ಹಾಲ್ವರ್ ಬೇ ಎಂಬ ಊರಿನಲ್ಲಿ ಹಿಮ ತಳ್ಳುವ ಲಾರಿ ಓಡಿಸುವವರಿಗೆ ಸಿಗ್ನಿ ಲಾಕ್ಸೊ ಎಂದರೆ ಅರ್ಧ ಸಿಟ್ಟು, ಅರ್ಧ ಅಕ್ಕರೆ. ರಸ್ತೆಯ ಸುದ್ದಿಯನ್ನು ಅವರು ಒಬ್ಬರಿಗೊಬ್ಬರು ಕಳಿಸಿಕೊಳ್ಳುವ ಸಂದೇಶ ವ್ಯವಸ್ಥೆಯ ಬಾಗಿಲು ಕಾಯುವವಳು ಅವಳೇ. ಹೋದ ಚಳಿಗಾಲ ಯಾರೋ ತರಲೆಯವನು ಒಂದು ಲಾರಿಯ ಹೆಸರು ಹಾಕಿಕೊಂಡು 'ಗುಡ್ಡದ ರಸ್ತೆ ತೆರವಾಯ್ತು' ಎಂದು ಕಳಿಸಿದ್ದ. ಅದನ್ನು ನಂಬಿ ಹೋದ ಶಾಲೆಯ ಬಸ್ಸು ಹಿಮದಲ್ಲಿ ಹೂತುಕೊಂಡಿತು. ಅಂದಿನಿಂದ ಸಿಗ್ನಿಯದು ಒಂದೇ ರಾಗ: "ಹೆಸರು ಯಾರ್ ಬೇಕಾದ್ರೂ ಹೇಳ್ಬಹುದು. ಕೀಲಿ ತೋರ್ಸಿ." ಕೀಲಿ ಎಂದರೆ ಪ್ರತಿ ಲಾರಿಯ ಫೋನಿನೊಳಗೆ ಅವಳು ಬಚ್ಚಿಡುವ ಗುಪ್ತ ಗುರುತು.

ಆ ದಿನ ಹಳೆಯ ಕೀಲಿಗಳನ್ನೆಲ್ಲ ರದ್ದು ಮಾಡಿ ಹೊಸತು ಹಂಚಬೇಕಿತ್ತು. ಸಂಜೆಗೆ ದೊಡ್ಡ ಹಿಮ ಬೀಳುವುದಿತ್ತು. ಮೊದಲೇ ಅಚ್ಚುಕಟ್ಟಿನ ಹೆಂಗಸು. ಎಲ್ಲವನ್ನೂ ಒಂದೇ ಏಟಿಗೆ ಗುಡಿಸಿ ಹಾಕಿದಳು, ತನ್ನದನ್ನೂ ಸೇರಿಸಿ. ಈಗ ವ್ಯವಸ್ಥೆಯಿಂದ ಹಂಚುವವಳೇ ಹೊರಗೆ, ಲಾರಿಗಳೂ ಹೊರಗೆ.

"ಡ್ವೇನ್, ನಾನು ಕಣೋ. ಒಳಗೆ ಬಿಡು."

"ಎಲ್ರೂ ಹಂಗೇ ಹೇಳ್ತಾರಂತೆ," ಎಂದ ಎದುರು ಮೇಜಿನ ಡ್ವೇನ್. "ನೀನೇ ಹೇಳ್ಕೊಟ್ಟಿದ್ದು. ಕೀಲಿ ಇಲ್ದೋರನ್ನ ಬಿಡೋಕೆ ಇಬ್ರು ಕಣ್ಣಾರೆ ನೋಡಿ ಒಪ್ಬೇಕು. ನಾನು ಒಪ್ದೆ. ಇನ್ನೊಬ್ಬ ವರ್ನನ್."

ಅದೇ ಕಚೇರಿಯ ವರ್ನನ್ ಅಂದು ರಜೆ ಹಾಕಿ ಹೆಪ್ಪುಗಟ್ಟಿದ ಕೆರೆಯ ಮೇಲೆ ಮೀನು ಹಿಡಿಯುತ್ತಿದ್ದ. ಗಾಳ ಇಳಿಸಿದ ಮೇಲೆ ಅವನು ಫೋನು ಎತ್ತುವವನಲ್ಲ.

ಶಿಶುವಿಹಾರದಿಂದ ಮಗಳು ಎಲ್ಸಿಯನ್ನು ಕರೆದುಕೊಂಡು, ಅವಳ ಕೈಗವಸು ಕಳೆಯದ ಹಾಗೆ ಕೋಟಿನ ತೋಳಿಗೆ ಪಿನ್ನು ಹಾಕಿ, ಸಿಗ್ನಿ ಕಾರನ್ನು ನೇರ ಕೆರೆಯ ಮಂಜುಗಡ್ಡೆಯ ಮೇಲೆ ಓಡಿಸಿದಳು. ಮೀನು ಹಿಡಿಯಲು ವರ್ನನ್ ಅಲ್ಲಿ ನಿಲ್ಲಿಸಿಕೊಂಡಿದ್ದ ಕಡು ಕೆಂಪು ಗುಡಿಸಲಿನ ಬಾಗಿಲು ಬಡಿದಳು.

"ಯಾರು?"

"ಸಿಗ್ನಿ."

"ಕೀಲಿ ತೋರ್ಸು," ಎಂದು ಒಳಗಿನಿಂದ ನಗು.

"ಅದಕ್ಕೇ ಬಂದಿರೋದು, ವರ್ನನ್. ಚಳಿಗೆ ಮಗು ಮೂಗು ಉದುರ್ತಾ ಇದೆ."

ಒಳಗೆ ಸೀಮೆಎಣ್ಣೆ ಒಲೆಯ ಬಿಸಿ, ಹುರಿದ ಮೀನಿನ ವಾಸನೆ. ನಡೆದದ್ದನ್ನು ಕೇಳಿ ವರ್ನನ್ ಹೊಟ್ಟೆ ಹಿಡಿದುಕೊಂಡು ನಕ್ಕ.

"ನಿನ್ ಮದುವೇಲಿ ಕೇಕ್ ತಿಂದೋನು ನಾನು. ಆದ್ರೂ ನಿನ್ ಫೋನಲ್ಲಿರೋ ಹೊಸ ಕೀಲಿ ಗುರುತು ಓದು. ನನ್ ಫೋನಲ್ಲಿ ಬಂದಿರೋದು ಅದೇನಾ ನೋಡ್ತೀನಿ."

ಅವಳು ಒಂದೊಂದೇ ಅಕ್ಷರ ಓದಿದಳು. ಎಲ್ಸಿ ಒಂದೊಂದನ್ನೂ ಗಿಣಿಯ ಹಾಗೆ ಜೋರಾಗಿ ಹೇಳಿದಳು. ನಡುವೆ ತನ್ನದೊಂದು 'ಬೆಕ್ಕು' ಸೇರಿಸಿದಳು.

"ಬೆಕ್ಕಿಲ್ಲ ಇದ್ರಲ್ಲಿ," ಎಂದ ವರ್ನನ್, ಬಹಳ ಗಂಭೀರವಾಗಿ. "ಮೊದ್ಲಿಂದ ಓದು."

"ಆಟ ಆಡ್ಬೇಡ."

"ನಿಯಮ ಯಾರದ್ದು?"

ಸಿಗ್ನಿ ಹಲ್ಲು ಕಚ್ಚಿ ಮೊದಲಿಂದ ಓದಿದಳು. ಎಲ್ಸಿಯ ಬಾಯಿಗೆ ಮೀನಿನ ತುಂಡು ಇಟ್ಟಿದ್ದರಿಂದ ಈ ಸಲ ಬೆಕ್ಕು ಬರಲಿಲ್ಲ. ವರ್ನನ್ ಒಪ್ಪಿಗೆ ಒತ್ತಿದ. ಅಲ್ಲೇ ತಲೆಕೆಳಗಾದ ಬಕೆಟ್ಟಿನ ಮೇಲೆ ಕೂತು ಅವಳು ಲಾರಿಗಳಿಗೆ ಹೊಸ ಕೀಲಿ ಹಂಚತೊಡಗಿದಳು. ಕೊನೆಯ ಲಾರಿ ವ್ಯವಸ್ಥೆಯೊಳಗೆ ಬರುವಾಗ ಕಿಟಕಿಯಾಚೆ ಸಂಜೆಯ ಹಿಮ ಉದುರತೊಡಗಿತ್ತು.

ಮೊದಲ ಸಂದೇಶ ಗುಡ್ಡದ ರಸ್ತೆಯ ಲಾರಿಯಿಂದ ಬಂತು: 'ಒಳಗೆ ಬಂದೆ. ಕೀಲಿ ಕಳ್ಕೊಂಡಿದ್ದು ಯಾರಂತೆ?'

ಸಿಗ್ನಿ ಫೋನನ್ನು ಜೇಬಿಗೆ ಹಾಕಿದಳು. ಎಲ್ಸಿಯ ಮೂಗು ಒರೆಸಿ, ಇನ್ನೊಂದು ಮೀನಿಗೆ ತಟ್ಟೆ ಒಡ್ಡಿದಳು.