ಹೋದಷ್ಟ ತಿರುಗಿ ಬರಬೇಕು

ಕಾಕಾನ ಬಲಗೈ ಯಾವಾಗಲೂ ಖಾಕಿ ಪ್ಯಾಂಟಿನ ಕಿಸೆಯಲ್ಲಿರುತ್ತಿತ್ತು. ಬೀಗ ತೆಗೆಯುವುದು ಎಡಗೈಯಿಂದ, ಚಹಾ ಕುಡಿಯುವುದೂ ಎಡಗೈಯಿಂದ. "ಎಡಗೈಲೆ ಕುಡೀತೀಯಲ್ಲೋ" ಎಂದು ಮಸೀದಿಯಿಂದ ಬರುವ ಹಿರಿಯರು ಗದರಿದರೆ ನಕ್ಕು ಸುಮ್ಮನಾಗುತ್ತಿದ್ದರು. ನಾನದನ್ನು ಅವರ ಶೋಕಿ ಅಂದುಕೊಂಡಿದ್ದೆ. ಎಂಥಾ ಹುಚ್ಚಪ್ಯಾಲಿ ನಾನು!

ಎಂಬತ್ತರ ದಶಕದ ಕೊನೆಕೊನೆಯ ಮಾತು. ಅಣ್ಣಿಗೇರಿಯಲ್ಲಿ ನನ್ನದು ರೇಡಿಯೋ, ಟೀವಿ ರಿಪೇರಿ ಅಂಗಡಿ. ಬಾಜೂಕ ಕಾಕಾನ, ಕಬ್ಬಿಣ ಕಡೆಯುವ ಲೇಥ್ ವರ್ಕ್‌ಶಾಪು, ಅದರಾಚೆ ಹಿಟ್ಟಿನ ಗಿರಣಿ. ನನಗವರು ಸಂಬಂಧದವರೇನಲ್ಲ; ಊರೆಲ್ಲ ಕಾಕಾ ಅನ್ನುತ್ತಿತ್ತು, ನಾನೂ ಅನ್ನುತ್ತಿದ್ದೆ. ಅರವತ್ತು ದಾಟಿದ್ದರೂ ಅವರು ಕೂತದ್ದನ್ನು ನಾನು ಕಂಡಿರಲಿಲ್ಲ. ಬಾಗಿಲಿನಿಂದ ಲೇಥಿನವರೆಗೆ, ಲೇಥಿನಿಂದ ಬಾಗಿಲಿನವರೆಗೆ ಒಂದೇ ಸಮನೆ ಓಡಾಟ.

"ಒಂದ್ ಗಳಿಗಿ ಕುಂದರ್ರಿ ಕಾಕಾ, ನನಗ ತಲಿ ತಿರಗತೈತಿ," ಅಂದರೆ, "ಕುಂತ ಕಬ್ಬಿಣಕ್ಕ ತುಕ್ಕ ಹಿಡೀತೈತಿ ತಮ್ಮಾ," ಅನ್ನುವರು. ನಾನೂ ಕೂತಲ್ಲಿ ಕೂಡುವ ಆಸಾಮಿಯಲ್ಲ. ನಮ್ಮಿಬ್ಬರಿಗೆ ಕೂಡಿ ಬಂದದ್ದೇ ಅದರಿಂದ.

ಅವರ ಹೆಸರಿದ್ದದ್ದು ಒಂದು ಕೆಲಸಕ್ಕೆ. ಹತ್ತಿಯಿಂದ ಕಾಳು ಬೇರೆ ಮಾಡುವ ಜಿನ್ನಿನಲ್ಲಿ ತೊಗಲಿನ ರೋಲರು ಇರುತ್ತದೆ. ಅದರ ಮೈಮೇಲೆ ಸುರುಳಿಯಾಗಿ ಗೆರೆ ಕೊರೆಯಬೇಕು. ಗೆರೆ ಸವೆದರೆ ಹತ್ತಿ ಹಿಡಿಯುವುದಿಲ್ಲ. ಸೊಟ್ಟಾದರೆ ಅರಳೆಯ ಎಳೆ ಹರಿದುಹೋಗುತ್ತದೆ. ಲೇಥಿನ ಹಿಡಿಕೆಯನ್ನು ಕೈಯಿಂದಲೇ ತಿರುಗಿಸುತ್ತ ಕಾಕಾ ಆ ಸುರುಳಿ ಕೊರೆಯುತ್ತಿದ್ದರು. ನವಲಗುಂದ, ಶಲವಡಿ ಕಡೆಯಿಂದಲೂ ಜನ ಹುಡುಕಿಕೊಂಡು ಬರುತ್ತಿದ್ದರು.

ಅಂಥ ಕಾಕಾ ಒಂದು ಮುಂಜಾನೆ ನನ್ನ ಅಂಗಡಿಯೊಳಗೆ ನುಗ್ಗಿ, "ತಮ್ಮಾ, ನಮ್ಮ ಲೇಥಿಗೆ ಕಂಪ್ಯೂಟರ್ ಕೂಡಸೂಣು," ಅಂದುಬಿಟ್ಟರು. ಹುಬ್ಬಳ್ಳಿಯಲ್ಲಿ ಯಾವುದೋ ಪ್ರದರ್ಶನ ನೋಡಿ ಬಂದಿದ್ದರಂತೆ. ನನಗೆ ಹುಗ್ಗಿ ಉಂಡಷ್ಟು ಖುಷಿ. ಡಿಪ್ಲೊಮಾ ಓದಿ ಮಂದಿಯ ಮಾಳಿಗೆ ಹತ್ತಿ ಆಂಟೆನಾ ತಿರುಗಿಸಿಕೊಂಡಿದ್ದವನಿಗೆ ಇನ್ನೇನು ಬೇಕು?

ಇದಕ್ಕೆ ಬೇಕಾದದ್ದು ಸ್ಟೆಪ್ಪರ್ ಮೋಟಾರು, ಅಂದರೆ ಹೆಜ್ಜೆ ಎಣಿಸಿ ತಿರುಗುವ ಮೋಟಾರು. ಒಂದು ಮೋಟಾರು ರೋಲರನ್ನು ತಿರುಗಿಸಬೇಕು, ಇನ್ನೊಂದು ಮೋಟಾರು ಕತ್ತಿಯನ್ನು ಮುಂದಕ್ಕೆ ತಳ್ಳಬೇಕು. ಅವಕ್ಕೆ ಕರೆಂಟು ಅಳೆದು ಕೊಡುವ ಪೆಟ್ಟಿಗೆಗೆ ಡ್ರೈವರು ಅನ್ನುತ್ತಾರೆ. ಪೆಟ್ಟಿಗೆ ಕಚ್ಚಾ ಇದ್ದರೆ ಮೋಟಾರು ನಡುವೆ ಹೆಜ್ಜೆ ತಪ್ಪುತ್ತದೆ, ಯಂತ್ರಕ್ಕೆ ಅದರ ಖಬರೇ ಇರುವುದಿಲ್ಲ. ಎಲ್ಲ ಸರಿಯಿದೆಯೆಂದು ಮುಂದೆ ಹೋಗುತ್ತಲೇ ಇರುತ್ತದೆ. ಇದನ್ನು ಹೇಳಿದಾಗ ಕಾಕಾನ ಓಡಾಟ ನಿಂತಿತು.

"ತಪ್ಪಿದ್ದು ಅದಕ್ಕ ಗೊತ್ತಾಗಂಗಿಲ್ಲೇನು?"

"ಇಲ್ರಿ."

"ಹಂಗಾರ ಪೆಟಗಿ ಅಗದಿ ನೋಡಿ ಆರಸಬೇಕು."

ಮೂರು ಪೆಟ್ಟಿಗೆ ಎದುರಿಗೆ ಬಂದವು. ಒಂದು ಮುಂಬಯಿಯಿಂದ ತರಿಸಿದ್ದು, ಕೆಂಪು ಹಸಿರು ದೀಪ ಮಿನುಗುವಂಥದ್ದು. ಇನ್ನೊಂದು ಹುಬ್ಬಳ್ಳಿಯ ಮುದುಕರೊಬ್ಬರು ಕೈಯಾರೆ ಕಟ್ಟಿದ್ದು. ನೋಡಲು ಕುರೂಪಿ, ಎತ್ತಲು ಒಳಕಲ್ಲು. ಮೂರನೆಯದು ನಾನೇ ಮಾಡಿದ್ದು. ಗಿರಾಕಿಗಳ ಟೀವಿಗಳನ್ನು ಮೂಲೆಗೆ ತಳ್ಳಿ, ಅವರ ಬೈಗುಳ ತಿಂದು, ಎರಡು ತಿಂಗಳು ಕುಟ್ಟಿದ್ದು. ಸಣ್ಣದು, ಚುರುಕಿನದು. ಅದೇ ಆಯ್ಕೆಯಾಗಬೇಕೆಂದು ನನ್ನ ಜೀವ ತುದಿಗಾಲ ಮೇಲೆ ನಿಂತಿತ್ತು.

ಕಾಕಾನ ಪರೀಕ್ಷೆಯ ರೀತಿ ಅವರದೇ. ಬಾಜೂಕಿನ ಗಿರಣಿ ಶುರುವಾದರೆ ಓಣಿಯ ದೀಪಗಳೆಲ್ಲ ಮಂಕಾಗುತ್ತಿದ್ದವು. "ಗಿರಣಿ ಚಾಲೂ ಆಗ್ಲಿ, ಖರೇ ಪರೀಕ್ಷಾ ಆವಾಗ," ಎಂದು ಕಾಯುವರು. ಕತ್ತಿ ಕೂತ ಬಂಡಿಯನ್ನು ನೂರು ಸಲ ಮುಂದಕ್ಕೆ ಕಳಿಸಿ, ನೂರು ಸಲ ಹಿಂದಕ್ಕೆ ಕರೆಸುವುದು. ಹೊರಟ ಜಾಗದ ತಡೆಗೂ ಬಂಡಿಗೂ ನಡುವೆ ಸಿಕ್ಕುವಂತೆ, ಸಿಗರೇಟು ಪಾಕೀಟಿನ ಬೆಳ್ಳಿಹಾಳೆಯಿಂದ ಸುಲಿದ ತೆಳ್ಳನೆ ಕಾಗದ ಇಟ್ಟಿರುವುದು. ಬಂಡಿ ಸರಿಯಾಗಿ ಮರಳಿದ್ದರೆ ಎಳೆದಾಗ ಕಾಗದ ಬಿಗಿಯಾಗಿ ಬರಬೇಕು. ಹರಿದರೂ ತಪ್ಪು, ಸಡಿಲ ಬಂದರೂ ತಪ್ಪು.

"ಹೋಗಾಕ ಯಾರರ ಹೋಗ್ತಾರ. ಹೋದಷ್ಟ ತಿರುಗಿ ಬರಬೇಕು," ಅನ್ನುವರು. ಆದರೆ ಕಾಗದ ಎಳೆಯುವುದು ಮಾತ್ರ ನನ್ನ ಪಾಲಿಗೆ. "ನೀನ ಎಳಿ. ನೀ ಹೇಳಿದ್ದ ಖರೆ," ಎಂದು ಬಾಗಿಲ ಕಡೆ ಮುಖ ತಿರುಗಿಸುವರು.

ಮುಂಬಯಿಯದು ಒಂದು ತಾಸಿಗೆ ಕಾದು ಹಂಚಾಗಿ ನಿಂತೇಬಿಟ್ಟಿತು. ಹುಬ್ಬಳ್ಳಿಯದು ಬಸಿರಿ ಎಮ್ಮೆಯ ಹಾಗೆ ನಡೆಯಿತು, ಆದರೆ ಕಾಗದ ಬಿಗಿ. "ಇದರ ಕೂಡ ಮುಂದಿನ ಸುಗ್ಗಿಗೆ ಮುಗೀತೈತ್ರಿ," ಎಂದು ನಾನು ಮೂಗು ಮುರಿದೆ. "ಓಡೂ ಎತ್ತಿಲೆ ಬಿತ್ತಾಕ ಬರಂಗಿಲ್ಲಲೇ," ಅಂದರು ಕಾಕಾ.

ಆಮೇಲೆ ನನ್ನದು. ಸರಸರ ಹೋಯಿತು, ಸರಸರ ಬಂತು. ನಡುವೆ ಗಿರಣಿ ಶುರುವಾಯಿತು. ನೂರು ಮುಗಿದ ಮೇಲೆ ಕಾಗದ ಎಳೆದೆ. ಬೆಣ್ಣೆಯಿಂದ ಕೂದಲು ತೆಗೆದಂತೆ ಸಡಿಲಾಗಿ ಈಚೆ ಬಂತು.

"ಏನಾತು?" ಬಾಗಿಲ ಕಡೆಯಿಂದಲೇ ಕಾಕಾ ಕೇಳಿದರು.

"ಬಿಗಿ ಐತ್ರಿ," ಅಂದೆ.

ನಾಲಿಗೆ ತೊದಲಲೂ ಇಲ್ಲ. ಎರಡು ಹೆಜ್ಜೆ ತಪ್ಪಿದರೆ ಏನು ಮಹಾ, ಆಮೇಲೆ ಸರಿಪಡಿಸಿದರಾಯಿತು ಎಂದುಕೊಂಡೆ. ಕಾಕಾ ನನ್ನ ಪೆಟ್ಟಿಗೆಯನ್ನೇ ಲೇಥಿಗೆ ಕೂಡಿಸಲು ಹೇಳಿದರು.

ಹೊಲದಲ್ಲಿ ಹತ್ತಿ ಬಿಡಿಸುವುದು ಶುರುವಾಗಿತ್ತು. ಊರಿನ ಜಿನ್ನಿನವರು ಹೊಸ ತೊಗಲು ಹಾಕಿದ ಹನ್ನೆರಡು ರೋಲರು ಕಳಿಸಿದರು. ಜೊತೆಗೆ ಮ್ಯಾನೇಜರು ಒಂದು ಮಾತನ್ನೂ ಒಗೆದು ಹೋಗಿದ್ದರು: "ಹೋದ ವರ್ಷ ಎರಡು ಸೊಟ್ಟ ಆಗಿದ್ವು ಕಾಕಾ. ಈ ಸಲಾನೂ ಹಂಗಾದ್ರ ಗದಗಕ್ಕ ಒಯ್ತೀವಿ ನೋಡ್ರಿ." ನಲವತ್ತು ವರ್ಷದ ಹೆಸರು ಆ ಹನ್ನೆರಡು ರೋಲರಿನ ಮೇಲೆ ಕೂತಿತ್ತು.

ಮೊದಲ ರೋಲರಿನ ಮೊದಲ ಹತ್ತು ಗೆರೆ ಕಣ್ಣಿಗೊತ್ತಿಕೊಳ್ಳುವಂತಿದ್ದವು. ಗಿರಣಿ ಶುರುವಾಯಿತು. ಗೆರೆ ಗೆರೆಗೂ ಕತ್ತಿ ಒಂದಿಷ್ಟು ಸರಿಯುತ್ತ ಬಂದು, ಕೊನೆಗೆ ಒಂದು ಗೆರೆ ಬಾಜೂಕಿನ ಗೆರೆಯೊಳಗೇ ನುಗ್ಗಿತು. ಹೊಸ ತೊಗಲು ಹಾಳು. ಕಾಕಾ ಎಡಗೈ ಬೆರಳಿನಿಂದ ಅದನ್ನು ಸವರಿ ಸವರಿ ನೋಡಿದರು. ಅದನ್ನು ನೋಡುತ್ತ ನಿಲ್ಲಲು ನನ್ನಿಂದಾಗಲಿಲ್ಲ. ಗಿರಣಿಗೆ ಬೈದೆ, ಕರೆಂಟಿಗೆ ಬೈದೆ, ಕಡೆಗೆ ಅವರ ಮೇಲೇ ಹರಿಹಾಯ್ದೆ:

"ಇಷ್ಟೆಲ್ಲಾ ಉಪದ್ವ್ಯಾಪ ಯಾಕ ಬೇಕಿತ್ರಿ ಕಾಕಾ? ನೀವ ಕೈಲೆ ಕೊರದಿದ್ರ ಇಷ್ಟೊತ್ತಿಗೆ ಮುಗೀತಿತ್ತು!"

ಕಾಕಾ ಕಿಸೆಯಿಂದ ಬಲಗೈ ತೆಗೆದರು. ಅಂಗೈ ಚಾಚಿ, ಅದೇ ಸಿಗರೇಟು ಪಾಕೀಟಿನ ಕಾಗದವನ್ನು ಅದರ ಮೇಲಿಟ್ಟುಕೊಂಡರು. ಗಾಳಿ ಇರಲಿಲ್ಲ. ಕಾಗದ ಪಟಪಟ ಬಡಿದುಕೊಂಡು ನೆಲಕ್ಕೆ ಬಿತ್ತು.

"ಹೋದ ವರ್ಷ ಗೆರಿ ಸೊಟ್ಟ ಆಗಿದ್ದು ನನಗ ಗೊತ್ತ ಆಗ್ಲಿಲ್ಲ," ಅಂದರು. "ನನ್ನ ಕೈ ನನಗ ಸುಳ್ಳ ಹೇಳಾಕ ಹತ್ತೈತಿ ತಮ್ಮಾ. ಅದಕ್ಕ ನಿನ್ನ ಕೈ ತಗೊಂಡೆ."

ನೆಲ ಬಾಯಿಬಿಟ್ಟಿದ್ದರೆ ಇಳಿದು ಹೋಗುತ್ತಿದ್ದೆ. ಆಗಲೇ ಹೇಳಿಬಿಡಬೇಕಿತ್ತು, ಹೇಳಲಿಲ್ಲ, ಹೇಡಿ. ಅವರೂ ಕೇಳಲಿಲ್ಲ. "ಹುಬ್ಬಳ್ಳಿ ಪೆಟಗಿ ಹಚ್ಚು," ಅಂದರು, ಅಷ್ಟೆ.

ಆ ಎಮ್ಮೆ ನಡಿಗೆಯಲ್ಲೇ ಉಳಿದ ಹನ್ನೊಂದೂ ಮುಗಿದವು. ಹಾಳಾದದ್ದಕ್ಕೆ ಬೇರೆ ತೊಗಲು ಹಾಕಿಸಿ ಅದನ್ನೂ ಕೊರೆದದ್ದಾಯಿತು. ಮ್ಯಾನೇಜರು ಒಂದೊಂದನ್ನೂ ತಿರುಗಿಸಿ ನೋಡಿ, "ಕಾಕಾ, ಮತ್ತ ಹಳೇ ಕೈ ಬಂತಲ್ರಿ!" ಅಂದರು. ಕಾಕಾ ನಕ್ಕರು. ನನಗೆ ಮಾತ್ರ ಅನ್ನ ಸೇರಲಿಲ್ಲ, ಅಂಗಡಿಯಲ್ಲಿ ನಿಲ್ಲಲಾಗಲಿಲ್ಲ. ನನ್ನ ಪೆಟ್ಟಿಗೆ ಬಿಚ್ಚಿದೆ, ಕಟ್ಟಿದೆ, ಮತ್ತೆ ಬಿಚ್ಚಿದೆ. ಮುಂದಿನ ಬ್ಯಾಸಗಿಯಲ್ಲಿ ಅದನ್ನು ಮತ್ತೆ ಕಾಕಾನ ಹತ್ತಿರ ಹೊತ್ತುಕೊಂಡು ಹೋದೆ.

ಅಷ್ಟೊತ್ತಿಗೆ ಕಾಕಾನಿಗೆ ಕಾಲೂ ಮಾತು ಕೇಳುತ್ತಿರಲಿಲ್ಲ. ಲೇಥಿನ ಎದುರು ಕುರ್ಚಿ ಹಾಕಿ ಕೂಡಿಸಿದ್ದರು. ಅವರು ಕೂತದ್ದನ್ನು ನೋಡಲಾರದೆ ಪೆಟ್ಟಿಗೆಯ ವಾಯರು ಜೋಡಿಸತೊಡಗಿದೆ.

"ಗಿರಣಿ ಚಾಲೂ ಆಗ್ಲಿ," ಅಂದರು. ಆಯಿತು. ಬಂಡಿ ನೂರು ಸಲ ಹೋಗಿ ನೂರು ಸಲ ಬಂತು. ಕಾಗದ ಎಳೆದೆ.

"ಏನಾತು?"

ಈ ಸಲ ಬಿಗಿ ಕೂದಲೆಳೆಯಷ್ಟೇ ಕಡಿಮೆ. ಬೇರೆ ಯಾರಾದರೂ ಬಿಗಿಯೆಂದೇ ಅನ್ನುತ್ತಿದ್ದರು.

"ಸಡ್ಲ ಐತ್ರಿ ಕಾಕಾ," ಅಂದೆ. "ಆವತ್ತೂ ಸಡ್ಲ ಇತ್ರಿ."

ಕಾಕಾ ನನ್ನ ಮುಖ ನೋಡಿದರು. ನಡುಗುವ ಬಲಗೈಯನ್ನೇ ಚಾಚಿ ನನ್ನ ಮುಂಗೈ ಹಿಡಿದುಕೊಂಡರು.

"ಹಾಂ," ಅಂದರು, "ಈಗ ತಿರುಗಿ ಬಂದಿ ನೋಡು."

ಆ ಮಳೆಗಾಲದಲ್ಲಿ ಕಾಕಾ ಹೋದರು. ನಾನು ಇಂದಿಗೂ ಇಂಥ ಪೆಟ್ಟಿಗೆಗಳನ್ನೇ ಕಟ್ಟಿ ಹೊಟ್ಟೆ ಹೊರೆಯುತ್ತೇನೆ. ಪ್ರತಿಯೊಂದಕ್ಕೂ ಕೊನೆಯಲ್ಲಿ ಕಾಗದ ಇಟ್ಟು ಎಳೆಯುತ್ತೇನೆ. ಸಡಿಲ ಬಂದರೆ, ಅಂಗಡಿಯಲ್ಲಿ ಕೇಳುವ ನರಪಿಳ್ಳೆ ಇರದಿದ್ದರೂ, ಬಾಗಿಲ ಕಡೆ ತಿರುಗಿ ಗಟ್ಟಿಯಾಗಿ ಹೇಳುತ್ತೇನೆ: "ಸಡ್ಲ ಐತ್ರಿ ಕಾಕಾ."