ಕಾಜ ಒಂದು ಬಾಕಿ

ಹೊಸ ಬಟ್ಟೆಯ ಪೊಟ್ಟಣ ಬಿಚ್ಚಿದಾಗ ಒಂದು ವಾಸನೆ ಬರುತ್ತದಲ್ಲ, ಅದು ನಿಮಗೂ ಗೊತ್ತಿರುತ್ತದೆ. ಗಂಜಿಯದ್ದೋ, ಬಣ್ಣದ್ದೋ, ಅಂಗಡಿಯ ಮರದ ಬೀರುವಿನದ್ದೋ ಹೇಳಲು ಬಾರದು. ನಿಮಗೆ ಅದು ಹಬ್ಬದ ವಾಸನೆ. ನನಗೆ ಮಾತ್ರ ಇವತ್ತಿಗೂ ಅದು ಮೂಗಿಗೆ ಬಿದ್ದರೆ ಪೊಟ್ಟಣವನ್ನು ಹಾಗೇ ಮಡಿಚಿಟ್ಟು ಎದ್ದುಹೋಗೋಣ ಅನ್ನಿಸುತ್ತದೆ. ನಲವತ್ತು ವರ್ಷ ಯಲಹಂಕದಲ್ಲಿ ಟೈಲರ್ ಅಂಗಡಿ ನಡೆಸಿದವನು ಹೀಗೆ ಹೇಳಿದರೆ ನಿಮಗೆ ನಗು ಬರಬಹುದು. ನಕ್ಕುಬಿಡಿ, ನನಗೇನೂ ಬೇಸರವಿಲ್ಲ.

ಮೊನ್ನೆ ಮಧ್ಯಾಹ್ನ ಮೊಮ್ಮಗಳು ಚೈತ್ರಾಳ ಅಂಗಡಿಯಲ್ಲಿ ಕುಳಿತಿದ್ದೆ. ಅದು ನನ್ನ ಹಳೆಯ ಅಂಗಡಿಯೇ. ಈಗ ಗಾಜಿನ ಬಾಗಿಲು, ಆಳೆತ್ತರದ ಕನ್ನಡಿ, ತಣ್ಣನೆ ಗಾಳಿ ಎಲ್ಲ ಬಂದಿವೆ. ನನಗೊಂದು ಮೂಲೆಯಲ್ಲಿ ಕುರ್ಚಿ ಹಾಕಿಕೊಟ್ಟಿದ್ದಾಳೆ. ಬಂದವರು ಇವರು ಯಾರು ಎಂದು ಕೇಳಿದರೆ ‘ಫೌಂಡರ್’ ಅನ್ನುತ್ತಾಳೆ. ಹಾಗೆಂದರೆ ಏನೋ ದೊಡ್ಡದೇ ಇರಬೇಕು, ಮಧ್ಯಾಹ್ನ ನಿದ್ದೆ ಹೋದರೂ ಯಾರೂ ಎಬ್ಬಿಸುವುದಿಲ್ಲ. ಅವಳ ಮೇಜಿನ ಮೇಲೆ ಹತ್ತು ದಿನದಿಂದ ಒಂದು ಪೊಟ್ಟಣ ಬಿದ್ದಿತ್ತು. ಮದುವೆ ಹೆಣ್ಣೊಬ್ಬಳ ಧಾರೆ ಸೀರೆಯ ರವಿಕೆ ಬಟ್ಟೆ. ಚೈತ್ರಾಗೆ ಬಂದ ಮೊದಲ ಮದುವೆ ಕೆಲಸ. ದಿನವೂ ಬಿಚ್ಚುತ್ತಾಳೆ, ಅಂಗೈಯಿಂದ ಸವರುತ್ತಾಳೆ, ಮತ್ತೆ ಮಡಿಚಿಡುತ್ತಾಳೆ. ಅವತ್ತೂ ಹಾಗೆ ಬಿಚ್ಚಿದ್ದಳು, ವಾಸನೆ ನನ್ನ ಕುರ್ಚಿಯವರೆಗೂ ಬಂದಿತ್ತು. ಅಷ್ಟರಲ್ಲಿ ಫೋನು ಬಂತು.

“ಆಲ್‌ಮೋಸ್ಟ್ ರೆಡಿ ಮೇಡಂ. ಹುಕ್ ಒಂದು ಬಾಕಿ ಅಷ್ಟೇ” ಎಂದಳು ಚೈತ್ರಾ.

ನನಗೆ ನಗು ತಡೆಯಲಾಗಲಿಲ್ಲ. ಅವಳು ಮುಖ ಊದಿಸಿಕೊಂಡಳು. ಆದರೆ ನಾನು ನಕ್ಕದ್ದು ಅವಳನ್ನು ನೋಡಿ ಅಲ್ಲ. ಅರವತ್ತು ವರ್ಷದ ಹಿಂದೆ ಅದೇ ಜಾಗದಲ್ಲಿ ನಿಂತು ಇದೇ ಸುಳ್ಳು ಹೇಳಿದ್ದ ಒಬ್ಬ ಸಣಕಲು ಮನುಷ್ಯ ನೆನಪಿಗೆ ಬಂದಿದ್ದ. ಅವನ ಬಾಯಲ್ಲಿ ಅದು ಹುಕ್ ಆಗಿರಲಿಲ್ಲ, ಕಾಜ ಆಗಿತ್ತು.

ಕಾಜ ಎಂದರೆ ಗುಂಡಿ ತೂರಿಸುವ ತೂತು. ಬಟ್ಟೆ ಹೊಲಿದಾದ ಮೇಲೆ ಕಟ್ಟಕಡೆಗೆ ಮಾಡುವ ಕೆಲಸ. ಆದ್ದರಿಂದ ‘ಎಲ್ಲ ಆಗಿದೆ, ಕಾಜ ಒಂದು ಬಾಕಿ’ ಎಂದರೆ ಗಿರಾಕಿಗೆ ಸಮಾಧಾನ, ಟೈಲರಿಗೆ ಎರಡು ದಿನದ ಬಿಡುವು. ನಮ್ಮ ಕಸುಬಿನಲ್ಲಿ ಈ ಮಾತು ಹೇಳದವನು ಇಲ್ಲ. ಆದರೆ ಬಟ್ಟೆಗೆ ಕತ್ತರಿಯನ್ನೇ ಸೋಕಿಸದೆ ಅದನ್ನು ಹೇಳಿದವನು ಬಹುಶಃ ನಾನೊಬ್ಬನೇ ಅಂದುಕೊಂಡಿದ್ದೆ. ಈಗ ಚೈತ್ರಾ ಜೊತೆಯಾದಳು.

ನಾನು ಕೆಲಸ ಕಲಿತದ್ದು ದಂಡಿನಲ್ಲಿ, ಅಂದರೆ ಬೆಂಗಳೂರು ಕಂಟೋನ್ಮೆಂಟಿನಲ್ಲಿ, ಒಬ್ಬ ಮೇಸ್ತ್ರಿಯ ಹತ್ತಿರ. ನಾಲ್ಕು ವರ್ಷ ಹೊಲಿಗೆ ಕಲಿಸಿ, ಒಂದು ದಿನ ಕೋಟಿನ ಬಟ್ಟೆ ಕೊಟ್ಟು ನೀನೇ ಕತ್ತರಿಸು ಎಂದರು. ತೋಳು ಕತ್ತರಿಸುವಾಗ ಬಟ್ಟೆಯನ್ನು ಎರಡು ಪದರ ಮಡಿಚಿಕೊಳ್ಳಬೇಕು. ಆಗ ಒಂದು ಬಲದ್ದು, ಒಂದು ಎಡದ್ದು ತಾನಾಗಿ ಬರುತ್ತದೆ. ನಾನು ಜಾಣತನ ಮಾಡಲು ಹೋಗಿ ಒಂದೊಂದಾಗಿ ಕತ್ತರಿಸಿದೆ. ಎರಡೂ ಎಡಗೈಯದ್ದೇ ಆದವು. ಮೇಸ್ತ್ರಿ ಬೈಯಲಿಲ್ಲ. ಎರಡನ್ನೂ ಎತ್ತಿ ಹಿಡಿದು ನೋಡಿ, “ಬಾಬು, ಎರಡೂ ಎಡಗೈ ಇರೋ ದೊರೆನ ಎಲ್ಲಿಂದ ಹುಡುಕ್ಕೊಂಡು ಬರೋಣ?” ಎಂದರು. ಅಂಗಡಿಯವರೆಲ್ಲ ನಕ್ಕರು. ಬೈದಿದ್ದರೆ ಎರಡು ದಿನದಲ್ಲಿ ಮರೆಯುತ್ತಿದ್ದೆ. ಆ ನಗು ಮಾತ್ರ ನನ್ನ ಜೊತೆಯಲ್ಲೇ ಯಲಹಂಕಕ್ಕೆ ಬಂತು.

ಇಲ್ಲಿ ರಾಗಿ ಮಿಲ್ಲಿನ ಪಕ್ಕ ಅಂಗಡಿ ಇಟ್ಟೆ. ಅಂಗಡಿಗೆ ಆಗಷ್ಟೇ ಎರಡು ವರ್ಷ, ಮದುವೆಗೆ ಒಂದು. ಚಡ್ಡಿ, ಅಂಗಿ, ಲಂಗ, ದಿಂಬಿನ ಚೀಲ ಎಲ್ಲ ಸಲೀಸು. ಕೋಟು ಎಂದ ಕೂಡಲೇ ಕೈ ಕಟ್ಟಿಹೋಗುತ್ತಿತ್ತು. ಯಾರಾದರೂ ಕೋಟಿನ ಬಟ್ಟೆ ತಂದರೆ ಈಗ ಕೆಲಸ ಜಾಸ್ತಿ ಇದೆ ಎಂದು ಸಾಗಹಾಕುತ್ತಿದ್ದೆ. ಆ ಕಡೆ ಮದುವೆ ಗಂಡುಗಳೆಲ್ಲ ಪಂಚೆಯ ಮೇಲೆ ಕ್ಲೋಸ್ ಕಾಲರಿನ ಕೋಟು ಹಾಕಿ ಪೇಟ ಸುತ್ತುತ್ತಿದ್ದ ಕಾಲ. ಕೋಟು ಹೊಲಿಯದ ಟೈಲರು ಎಷ್ಟು ದಿನ ನಿಂತಾನು, ನೀವೇ ಹೇಳಿ.

ಹೀಗಿರುವಾಗ ಒಂದು ದಿನ ನಾನು ಟೀ ಕುಡಿಯಲು ಹೋಗಿದ್ದ ಹೊತ್ತು ನೋಡಿಕೊಂಡು ನನ್ನ ಹೆಂಡತಿ ಸರೋಜ ಒಂದು ಕೋಟಿನ ಬಟ್ಟೆ ಇಸಿದುಕೊಂಡಿದ್ದಳು. ಚಿಕ್ಕಜಾಲದ ಆಂಜಿನಪ್ಪ ಎಂಬ ಹುಡುಗನ ಮದುವೆಯ ಕೋಟು. ಹೆಣ್ಣಿನ ಕಡೆಯವರು ಚಿಕ್ಕಪೇಟೆಯಿಂದ ತಂದುಕೊಟ್ಟಿದ್ದ ಉಣ್ಣೆಯ ಬಟ್ಟೆ. ಕೆಟ್ಟರೆ ಇನ್ನೊಂದು ಕೊಡಿ ಎಂದು ಬೀಗರನ್ನು ಕೇಳುವ ಹಾಗಿಲ್ಲ.

“ಯಾರನ್ನ ಕೇಳಿ ತಗೊಂಡೆ?” ಎಂದೆ.

“ಬೋರ್ಡಲ್ಲಿ ಟೈಲರ್ ಅಂತ ಬರೆಸಿದೀರಲ್ಲ, ಅದನ್ನ ಕೇಳಿದೆ” ಎಂದಳು.

ಆಂಜಿನಪ್ಪ ಬಂದು ಅಳತೆ ಕೊಟ್ಟು ಹೋದ. ಮದುವೆಗೆ ಇಪ್ಪತ್ತು ದಿನ ಇತ್ತು. ಇಪ್ಪತ್ತು ದಿನ ಎಂದರೆ ಒಂದು ಯುಗ ಅನ್ನಿಸಿತು. ಮೊದಲು ಕತ್ತರಿಯನ್ನು ಸಾಣೆಗೆ ಕೊಟ್ಟೆ. ಮೆಷಿನ್ನಿಗೆ ಎಣ್ಣೆ ಬಿಟ್ಟೆ. ಬಿಟ್ಟದ್ದು ಹೆಚ್ಚಾಯಿತೆಂದು ಒರೆಸಿದೆ. ಸೀಮೆಸುಣ್ಣದ ತುಂಡುಗಳನ್ನೆಲ್ಲ ಕೂತು ಚೂಪು ಮಾಡಿದೆ. ಗೋಡೆಯ ಮೇಲೊಂದು ಪಂಚಾಂಗದ ಕ್ಯಾಲೆಂಡರ್ ಇತ್ತು. ಅಲ್ಲಿಯವರೆಗೆ ಅದನ್ನು ನೋಡಿದವನಲ್ಲ, ಈಗ ಬೆಳಗಾಗೆದ್ದರೆ ಅದರ ಮುಂದೆ ನಿಲ್ಲತೊಡಗಿದೆ. ಇವತ್ತು ಮಂಗಳವಾರ, ಹೊಸ ಬಟ್ಟೆಗೆ ಕತ್ತರಿ ಇಡಬಾರದು. ನಾಳೆ ಅಷ್ಟಮಿ. ಆಮೇಲೆ ನವಮಿ. ಶುಕ್ರವಾರ ಒಳ್ಳೆಯದೇ, ಆದರೆ ನಾನು ಕತ್ತರಿ ಕೈಗೆತ್ತಿಕೊಳ್ಳುವ ಹೊತ್ತಿಗೆ ಸರಿಯಾಗಿ ರಾಹುಕಾಲ. ನಮ್ಮ ವಂಶದಲ್ಲೇ ನನ್ನಷ್ಟು ದೈವಭಕ್ತ ಹುಟ್ಟಿರಲಿಕ್ಕಿಲ್ಲ.

ಆಂಜಿನಪ್ಪ ಎರಡು ಸಲ ಸೈಕಲ್ಲಿನಲ್ಲಿ ಬಂದ. ಮೊದಲ ಸಲ “ನಡೀತಾ ಇದೆ” ಎಂದೆ. ಎರಡನೆಯ ಸಲ “ಎಲ್ಲಾ ಆಯ್ತು, ಕಾಜ ಒಂದು ಬಾಕಿ” ಎಂದುಬಿಟ್ಟೆ. ಅವನು ಖುಷಿಯಾಗಿ ಹೋದ. ನಾನು ಹಿಂದಿನ ಬೀರುವಿನಲ್ಲಿದ್ದ ಪೊಟ್ಟಣದ ಮೇಲೆ ಇನ್ನೊಂದು ದಿಂಬಿನ ಚೀಲ ಹೇರಿ ಬಾಗಿಲು ಹಾಕಿದೆ.

ಅದೇ ಸಮಯಕ್ಕೆ ಸರೋಜಳ ಅಣ್ಣ ಒಂದು ಕೆಲಸದ ಸುದ್ದಿ ತಂದಿದ್ದ. ಗೊರಗುಂಟೆಪಾಳ್ಯದ ಹತ್ತಿರ ಒಂದು ಕಾರ್ಖಾನೆಯಲ್ಲಿ ಕೆಲಸಗಾರರ ಸಮವಸ್ತ್ರ ಹೊಲಿಯಬೇಕು. ಅಲ್ಲಿ ಕತ್ತರಿಸುವವರು ಬೇರೆ, ಹೊಲಿಯುವವರು ಬೇರೆ. ಈ ಮಾತು ಕೇಳಿದ್ದೇ ನನಗೆ ಸ್ವರ್ಗದ ಬಾಗಿಲು ತೆರೆದಂತಾಯಿತು. ಬಟ್ಟೆಯನ್ನು ಹಾಗೇ ವಾಪಸು ಕೊಟ್ಟು, ಬುಧವಾರ ಹೋಗಿ ಆ ಕೆಲಸ ಒಪ್ಪಿಕೊಂಡು, ಅಂಗಡಿಗೆ ಬೀಗ ಜಡಿಯುವುದು ಎಂದು ತೀರ್ಮಾನಿಸಿದೆ. ಸರೋಜಳಿಗೆ ಹೇಳಿದೆ. ಅವಳು ಎದ್ದು ಹೋಗಿ ಬೋರ್ಡಿನ ಧೂಳು ಒರೆಸಿದಳು. ಅದನ್ನು ನೋಡಿ ನನಗೆ ಬಹಳ ದುಃಖವಾಯಿತು. ಆದರೂ ಭಯ ದುಃಖಕ್ಕಿಂತ ದೊಡ್ಡದಾಗಿತ್ತು.

ಮಂಗಳವಾರ ಬೆಳಗ್ಗೆ ಬಸ್ಸಿಳಿದು ಒಬ್ಬ ಅಜ್ಜಿ ನೇರ ಅಂಗಡಿಗೆ ಬಂದರು. ಆಂಜಿನಪ್ಪನ ಅಜ್ಜಿ, ಹೆಸರು ಮುನಿತಾಯಮ್ಮ. ಎತ್ತರದ ಹೆಂಗಸು, ಸೊಂಟದಲ್ಲಿ ಎಲೆಅಡಿಕೆ ಚೀಲ. ಮದುವೆ ಬರುವ ಭಾನುವಾರ.

“ಕೋಟು ಕೊಡಪ್ಪ” ಎಂದರು.

“ಎಲ್ಲಾ ಆಗಿದೆ ಅಜ್ಜಿ, ಕಾಜ ಒಂದು ಬಾಕಿ.”

“ಕಾಜ ಇಲ್ದಿದ್ರೆ ಓಗ್ಲಿ, ಅಂಗೇ ತೋರ್ಸು. ಕಣ್ತುಂಬ ನೋಡ್ಕೊಂಡ್ ಓಯ್ತೀನಿ.”

ನಾನು ಸರೋಜಳ ಮುಖ ನೋಡಿದೆ. ಅವಳು ಒಳಗೆ ಹೋಗಿ ಪೊಟ್ಟಣ ತಂದು, ಅಜ್ಜಿಯ ಮುಂದಿಟ್ಟು, ಹಿಂದಕ್ಕೆ ಸರಿದು ನಿಂತಳು. ಮುನಿತಾಯಮ್ಮ ಬಿಚ್ಚಿ ನೋಡಿದರು. ಚಿಕ್ಕಪೇಟೆಯ ಅಂಗಡಿಯವನು ಮಡಿಚಿದ್ದ ಮಡಿಕೆ ಹಾಗೆಯೇ ಇತ್ತು. ಈಗ ಊರೆಲ್ಲ ಕೇಳುವ ಹಾಗೆ ಬೈಯುತ್ತಾರೆ ಎಂದು ಕಾದೆ. ಅವರು ಬೆಂಚಿನ ಮೇಲೆ ಕುಳಿತರು.

“ಯಾಕ್ ಮಗಾ?” ಎಂದರು.

ಆ ‘ಮಗಾ’ ನನ್ನನ್ನು ಕೆಡವಿಬಿಟ್ಟಿತು. ದಂಡಿನ ಎರಡು ಎಡಗೈ ತೋಳಿನ ಕಥೆಯನ್ನು, ಹೆಂಡತಿಗೂ ಹೇಳಿರದಿದ್ದುದನ್ನು, ಆ ಅಜ್ಜಿಗೆ ಹೇಳಿದೆ. ಅವರು ನಗುತ್ತಾರೆಂದುಕೊಂಡಿದ್ದೆ. ನಗಲಿಲ್ಲ.

“ಸರಿ, ಈಗ ಕತ್ತರ್ಸು. ನಾನ್ ಇಲ್ಲೇ ಕುಂತಿರ್ತೀನಿ.”

“ಇವತ್ತು ಮಂಗಳವಾರ ಅಜ್ಜಿ. ಹೊಸ ಬಟ್ಟೆಗೆ...”

“ಯಾರಪ್ಪ ಏಳಿದ್ದು? ಆ ಕತ್ತರಿ ಇಲ್ಲಿ ಕೊಡು.”

ಕೊಟ್ಟೆ. ಯಾಕೆ ಕೊಟ್ಟೆನೋ ಇವತ್ತಿಗೂ ತಿಳಿಯದು. ಅವರು ಬಟ್ಟೆಯ ಅಂಚು ಹಿಡಿದುಕೊಂಡು, ಎರಡೂ ಕೈಯಿಂದ ಕತ್ತರಿ ಅದುಮಿ, ಉದ್ದಕ್ಕೆ ಕತ್ತರಿಸಿಬಿಟ್ಟರು. ತುದಿಯಲ್ಲಿ ಚೂರು ಕತ್ತರಿಸಿದ್ದರೆ ಚಿಂತೆಯಿರಲಿಲ್ಲ. ಬಟ್ಟೆಯ ಅಗಲದ ನಟ್ಟನಡುವೆ ಒಂದು ಗೇಣುದ್ದ ಸೀಳು. ಸರೋಜ ಬಾಯಿಗೆ ಸೆರಗು ಒತ್ತಿಕೊಂಡಳು.

“ನಮ್ಮನೇಲಿ ಬಿತ್ತನೆ ದಿನ ಮೊದಲ್ನೇ ಮುಷ್ಟಿ ಬೀಜ ಆಕೋದು ನಾನೇ” ಎಂದರು ಮುನಿತಾಯಮ್ಮ. “ಮನೆಗ್ ಇರೀಕರು ಆಕ್ಬೇಕು. ಬೆಳೆ ಬರ್ದೇ ಓದ್ರೆ ಬೈಗುಳ ಅವರ್ಗೇ ಬರ್ಲಿ, ಉಡುಗ್ರು ಎದ್ರಬಾರ್ದು ಅಂತ. ಈಗ ನೋಡು, ಬಟ್ಟೆ ಕೆಟ್ಟೋಯ್ತು. ಕೆಡಿಸ್ದೋಳು ನಾನು. ಮಿಕ್ಕಿದ್ದು ನೀನು ಸರಿ ಮಾಡು.”

ಇಷ್ಟು ಹೇಳಿ ಕತ್ತರಿ ಕೆಳಗಿಟ್ಟು, ಕುಡಿಯಲು ನೀರು ಕೇಳಿದರು. ಸರೋಜ ತಂದ ಚೊಂಬು ನೀರನ್ನು ಒಂದೇ ಉಸಿರಿಗೆ ಕುಡಿದರು. ಬಸ್ಸಿನಲ್ಲಿ ಬಂದ ದಣಿವು ಅಂದುಕೊಂಡೆ.

ನಾನು ಸೀಳನ್ನು ನೋಡುತ್ತಾ ನಿಂತೆ. ವಿಚಿತ್ರವೆಂದರೆ ಭಯ ಹೋಗಿತ್ತು. ಹದಿನೈದು ದಿನ ಅದು ಕೆಡಬಾರದ ಬಟ್ಟೆಯಾಗಿತ್ತು, ಈಗ ಕೆಟ್ಟ ಬಟ್ಟೆ. ಕೆಟ್ಟದ್ದನ್ನು ಸರಿಮಾಡುವುದು ನನಗೆ ಗೊತ್ತಿದ್ದ ಕೆಲಸ, ದಿನವೂ ಹರಿದ ಚಡ್ಡಿಗಳಿಗೆ ಮಾಡುತ್ತಿದ್ದದ್ದು ಅದನ್ನೇ. ಸೀಳನ್ನು ಬೆನ್ನಿನ ನಡುವಿಗೆ, ಕೆಳ ಅಂಚಿಗೆ ಬರುವ ಹಾಗೆ ಬಟ್ಟೆ ಹಾಸಿದೆ. ಒಳಗಡೆ ಒಂದು ಪಟ್ಟಿ ಕೊಟ್ಟರೆ ಬೇಕೆಂದೇ ಬಿಟ್ಟ ಸೀಳಿನಂತೆ ಕಾಣುತ್ತದೆ. ಗುರುತು ಹಾಕಿದೆ, ಕತ್ತರಿಸಿದೆ. ತೋಳಿಗೆ ಬಂದಾಗ ಎರಡು ಪದರ ಮಡಿಚಿದೆಯೋ ಇಲ್ಲವೋ ಎಂದು ನಾಲ್ಕು ಸಲ ನೋಡಿದೆ. ಕತ್ತರಿಸಿದ್ದನ್ನು ಮುನಿತಾಯಮ್ಮ ತಮ್ಮ ಎರಡು ತೋಳಿನ ಮೇಲೂ ಹಾಕಿಕೊಂಡು, “ಇದು ಉಣ್ಣೋ ಕೈ, ಇದು ಆ ಕಡೇದು. ಸರಿಯಾಗದೆ” ಎಂದು ತೀರ್ಪು ಕೊಟ್ಟು, ಎಲೆಅಡಿಕೆ ಹಾಕಿಕೊಂಡು ಬಸ್ಸು ಹತ್ತಿದರು.

ಬುಧವಾರ ನಾನು ಗೊರಗುಂಟೆಪಾಳ್ಯಕ್ಕೆ ಹೋಗಲಿಲ್ಲ. ಕೈತುಂಬ ಕೆಲಸ ಇತ್ತು. ಶುಕ್ರವಾರ ಕೋಟು ಕೊಟ್ಟೆ, ಕಾಜ ಸಹಿತ.

ಮದುವೆಗೆ ಸರೋಜಳೊಂದಿಗೆ ಹೋಗಿದ್ದೆ. ಹಿಂದೆ ಸೀಳಿರುವ ಕೋಟನ್ನು ಆ ಕಡೆಯ ಹಳ್ಳಿಗಳವರು ನೋಡಿರಲಿಲ್ಲ. ಜನ ಮದುವೆ ಗಂಡಿನ ಮುಖ ಬಿಟ್ಟು ಬೆನ್ನು ನೋಡುತ್ತಿದ್ದರು. ನನಗೆ ಊಟ ಸೇರಲಿಲ್ಲ. ಆಮೇಲೆ ಒಬ್ಬರು ಬಂದು, “ಹಿಂದುಗಡೆ ಬಿಟ್ಟಿರೋದು ಹೊಸ ಫ್ಯಾಷನ್ನಾ?” ಎಂದು ಕೇಳಿದರು. ಕೂತರೆ ಮುದುರುವುದಿಲ್ಲ ಎಂದೆ. ಆ ಮಾತು ನಿಜವೂ ಹೌದು. ದೂರದಲ್ಲಿ ಮುನಿತಾಯಮ್ಮ ನನ್ನನ್ನು ನೋಡಿ, ಏನೂ ಅರಿಯದವರ ಹಾಗೆ ಬೀಗಿತ್ತಿಯ ಕಡೆ ತಿರುಗಿಕೊಂಡರು. ಮುಂದಿನ ಮದುವೆ ಕಾಲಕ್ಕೆ ಇಲ್ಲೇ ಪಕ್ಕದ ಸಿಂಗಾಪುರ ಹಳ್ಳಿಯಿಂದ ಹಿಡಿದು ಚಿಕ್ಕಜಾಲದವರೆಗೆ ಗಂಡುಗಳು ‘ಸೀಳು ಕೋಟು’ ಕೇಳಿಕೊಂಡು ಬಂದರು. ಸರೋಜಳ ಅಣ್ಣನೂ ಒಂದು ಹೊಲಿಸಿಕೊಂಡ.

ಅವತ್ತಿನಿಂದ ಒಂದು ಅಭ್ಯಾಸ ಇಟ್ಟುಕೊಂಡೆ. ಬೆಲೆಬಾಳುವ ಬಟ್ಟೆ ಬಂದರೆ ಗಿರಾಕಿಯ ಕೈಗೇ ಕತ್ತರಿ ಕೊಟ್ಟು, ಮನೆಯ ಹಿರಿಯರಿಂದ ಮೂಲೆಯಲ್ಲಿ ಒಂದು ಚೂರು ಕತ್ತರಿ ಹಾಕಿಸಿಕೊಡಿ ಎನ್ನುತ್ತಿದ್ದೆ. ಜನ ಅದನ್ನು ಶಾಸ್ತ್ರ ಎಂದುಕೊಂಡರು. ಕೆಲವರು ಕತ್ತರಿಗೆ ಅರಿಶಿನ ಕುಂಕುಮ ಹಚ್ಚಿದರು. ಇದು ನಿಮ್ಮ ಟೈಲರನ ಪುಕ್ಕಲುತನ ಕಣ್ರೀ ಎಂದು ಹೇಳುವ ಧೈರ್ಯ ನನಗೆ ಯಾವತ್ತೂ ಬರಲಿಲ್ಲ.

ಚೈತ್ರಾಗೆ ಇದನ್ನೆಲ್ಲ ಹೇಳಿದೆ. ಕೇಳಿ ನಕ್ಕಳು, ಆಮೇಲೆ ಪೊಟ್ಟಣವನ್ನು ನನ್ನ ಕಡೆಗೆ ಸರಿಸಿದಳು. “ತಾತಾ, ಈ ಬಟ್ಟೆ ಕೆಟ್ರೆ ಇನ್ನೊಂದು ಸಿಗಲ್ಲ. ಹಾಳು ಮಾಡಿದ್ರೆ ಏರಿಯಾದಲ್ಲಿ ಇನ್ಯಾರೂ ನನ್ನತ್ರ ಬರಲ್ಲ. ನೀವೇ ಕಟ್ ಮಾಡಿಕೊಡಿ” ಎಂದಳು.

ಸರೋಜ ಹೋಗಿ ಆರು ವರ್ಷವಾಯಿತು. ಈಗ ಮನೆಗೆ ಹಿರಿಯ ನಾನೇ. ಕುರ್ಚಿಯಿಂದ ಎದ್ದು ಮೇಜಿನ ಹತ್ತಿರ ಹೋದೆ. ಕತ್ತರಿ ಕೈಗೆತ್ತಿಕೊಂಡಾಗ ಹಳೆಯ ಭಯ ಮರಳಿ ಬಂತು. ರೇಷ್ಮೆ ಬಟ್ಟೆ, ಯಾರದೋ ಮನೆಯ ಮದುವೆ, ಈ ಹುಡುಗಿಯ ಅಂಗಡಿ. ಕಣ್ಣಿಗೆ ಸೀಮೆಸುಣ್ಣದ ಗೆರೆಯೂ ಸರಿಯಾಗಿ ಕಾಣದು. ಆದರೂ ಅಂಚು ಹಿಡಿದು, ಎರಡೂ ಕೈಯಿಂದ ಅದುಮಿ, ಗೇಣುದ್ದ ಕತ್ತರಿಸಿದೆ.

“ತಾತಾ, ಇಷ್ಟು ಉದ್ದನಾ?” ಚೈತ್ರಾಳ ಮುಖ ಬಿಳಿಚಿಕೊಂಡಿತು.

“ಕೆಟ್ಟುಹೋಯ್ತು ಕಣಮ್ಮ. ಕೆಡಿಸಿದೋನು ನಾನು, ಕೇಳಿದ್ರೆ ಹಾಗೇ ಹೇಳು. ಮಿಕ್ಕಿದ್ದು ನೀನು ಸರಿ ಮಾಡು. ಬೆನ್ನಿಗೆ ಬರುತ್ತೆ ನೋಡು.”

ಅವಳು ಬಟ್ಟೆಯನ್ನು ತಿರುಗಿಸಿದಳು, ಮಡಿಚಿದಳು, ಇನ್ನೊಂದು ಕಡೆಯಿಂದ ನೋಡಿದಳು. ಹುಬ್ಬು ಗಂಟಿಕ್ಕಿತ್ತು. ಆದರೆ ಅದು ಭಯದ ಗಂಟಲ್ಲ, ಕೆಲಸದ ಗಂಟು. ಸ್ವಲ್ಪ ಹೊತ್ತಿಗೆ ಕೈ ಚಾಚಿ ಕತ್ತರಿ ತೆಗೆದುಕೊಂಡಳು. ನಾನು ಮೂಲೆಯ ಕುರ್ಚಿಗೆ ಮರಳಿ ಕುಳಿತೆ. ಗಂಟಲು ಒಣಗಿ ಅಂಟಿಕೊಂಡಿತ್ತು.

“ಚೈತ್ರಾ, ಒಂದು ಲೋಟ ನೀರು ಕೊಡಮ್ಮ” ಎಂದೆ. ಕೇಳಿದ ಮೇಲೆ ಹೊಳೆಯಿತು, ಮುನಿತಾಯಮ್ಮನವರಿಗೆ ಅವತ್ತು ಆಗಿದ್ದು ಬಸ್ಸಿನ ದಣಿವಲ್ಲ.